ಒಂಟಿ ಕೊಂಬಿನ ಮಣ್ಣೆತ್ತು

ನನ್ನ ಮೈದುನ ಚನ್ನಗಿರಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಜೆಗೆ ಸಾಸ್ವೆಹಳ್ಳಿಗೆ ಬಂದನೆಂದರೆ ಪಡಸಾಲೆಯಲ್ಲಿ ಇವನ ಎತ್ತಿನ ಪುರಾಣ ಶುರು. ಯಾವುದೋ ದೇಶದವರು ಗುಹೆಯ ಗೋಡೆಗೆಲ್ಲ ಗೂಳಿ ಬರೆದರಂತೆ, ಇನ್ಯಾರೋ ಹೋರಿಯ ತಲೆಯ ಮೇಲೆ ಸೂರ್ಯನನ್ನೇ ಕೂರಿಸಿದರಂತೆ. ನಮ್ಮಲ್ಲಿ ಬಸವಣ್ಣ ಅಂದರೆ ಧರ್ಮವಂತೆ, ಅಲ್ಲಿ ಗೂಳಿ ಅಂದರೆ ರೋಷವಂತೆ. ಮೈತುಂಬ ಈಟಿ ಚುಚ್ಚಿಸಿಕೊಂಡು ಬಾಯಿ ತೆರೆದು ಅರಚುವ ಪರದೇಶದ ಗೂಳಿಯ ಚಿತ್ರಕ್ಕೆ ಕಟ್ಟು ಹಾಕಿಸಿ, ದೇವರ ಕೋಣೆಯ ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದ. ನಮ್ಮತ್ತೆ ಅದಕ್ಕೆ ಕೈ ಮುಗಿಯುವುದೊಂದು ಬಾಕಿ.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೆಲಸ ಹೊಸ ಸೊಸೆಯಾದ ನನ್ನ ಪಾಲಿಗೆ ಬಂತು. ಆ ಮನೆಯಲ್ಲಿ ನನ್ನದು ಅಂತ ಅನ್ನಿಸಿದ್ದು ಅದೊಂದೇ ಕೆಲಸ. ಕರಿಮಣ್ಣು ನಾದಿ ಜೋಡೆತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟೆ. ಒಂದಕ್ಕೆ ಒಂದೇ ಕೊಂಬು. ಜಗಳೂರಿನ ನನ್ನ ತವರಿನ ಎತ್ತು ಹಾಗೇ ಇತ್ತು. ಮದುವೆಯಾಗಿ ಹೊರಟಾಗ ನನ್ನನ್ನು ಗಾಡಿಯಲ್ಲಿ ಬಸ್ಸಿನ ತನಕ ತಂದು ಬಿಟ್ಟದ್ದೂ ಅದೇ. ಅದನ್ನು ನೆನೆಸಿಕೊಂಡೇ ಮಾಡಿದ್ದೆ.

ಅತ್ತೆ ನೋಡಿದ್ದೇ ತಡ, "ಅಯ್ಯಯ್ಯೋ, ಮುಕ್ಕಾದ ಬಸವಣ್ಣನ್ನ ಪೂಜೆಗಿಡ್ತಾರೇನೇ? ನಮ್ಮ ಮನೆ ಹಾಳು ಮಾಡಾಕೆ ಬಂದೀಯೇನು? ಇನ್ನೊಂದ್ಸಲ ಹಬ್ಬದ ಮಣ್ಣು ಮುಟ್ಟಿದ್ರೆ ನೋಡು!" ಎಂದು ಅದನ್ನು ತಿಪ್ಪೆಗೆ ಎಸೆದರು. ಆ ಗೂಳಿಯ ಚಿತ್ರದ ಕೆಳಗೇ ಕೂತಿದ್ದ ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಸೊರ್ರನೆ ಚಾ ಹೀರಿದ. ಅತ್ತೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರಿಗೆ ತಿಳಿದದ್ದು ಅಷ್ಟೇ. ಎಲ್ಲ ತಿಳಿದ ಇವನನ್ನು ನೋಡಿ ಮೈ ಉರಿದುಹೋಯಿತು. ಇವತ್ತಿಗೂ ಉರಿಯುತ್ತದೆ.

ಮುಂದಿನ ಹಬ್ಬಕ್ಕೆ ಎತ್ತು ಮಾಡಿದ್ದು ಪಕ್ಕದ ಮನೆಯಾಕೆ. ನಾನು ಅಡುಗೆಮನೆಯಿಂದಲೇ ನೋಡಿದೆ. ಅದಾದ ಸ್ವಲ್ಪ ದಿನಕ್ಕೆ ಮೇಷ್ಟ್ರು ಹಲ್ಲು ಕಿರಿಯುತ್ತಾ ಬಂದ.

"ಅತ್ತಿಗೆ, ಸ್ಕೂಲಿನಾಗೆ ಪ್ರದರ್ಶನ ಐತೆ, ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮ ಒಂಟಿ ಕೊಂಬಿನ ಎತ್ತು ಒಂದು ಮಾಡಿಕೊಡ್ರಿ. ಅದು ನೋಡ್ರಿ ನಿಜವಾದ ಕಲೆ!"

"ಮಾಡಿಕೊಡೇ, ಅವನ ಮರ್ಯಾದೆ ಪ್ರಶ್ನೆ," ಅಂದರು ಅತ್ತೆ.

ಆಹಾ! ಪೂಜೆಗಾಗದ ಕೈ ಪ್ರದರ್ಶನಕ್ಕಾಗುತ್ತದೆ!

ಮಾಡಿದೆ. ಒಂಟಿ ಕೊಂಬು, ಭುಜ, ಬಾಲ, ಎಲ್ಲ ಅಚ್ಚುಕಟ್ಟು. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದೇನ್ರೀ ಅತ್ತಿಗೆ, ಇದಕ್ಕೆ ಬಾಯೇ ಇಲ್ಲವಲ್ಲ?"

"ನನ್ನ ಎತ್ತು ತಿಪ್ಪೆಗೆ ಬಿದ್ದ ದಿನ ನಿಮಗಿತ್ತೇನ್ರಿ?" ಅಂದೆ.