ಹಮಾಲ ದುರ್ಗಪ್ಪ ವಿಮಾನ ಹತ್ತಿದ್ದು

ಬೈಲಹೊಂಗಲದಲ್ಲಿ ನನ್ನ ಸೈಕಲ್ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಜೊತೆಗೆ "ಆ ಮಾಂತಪ್ಪನ ಬಾಯಿ ಭಾಳ ಕೆಟ್ಟೈತಿ, ಹುಷಾರ" ಎಂದೂ ಹೇಳುತ್ತಾರೆ. ಹೇಳಲಿ. ಪಂಕ್ಚರ್ ಹಾಕುವವನಿಗೆ ಸಿಹಿಮಾತು ಯಾತಕ್ಕೆ? ಆದರೆ ಹಮಾಲ ದುರ್ಗಪ್ಪನ ಬಗ್ಗೆ ಈ ಊರು ಆಡುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. "ವಿಮಾನದ ಹುಚ್ಚಿಗೆ ವಂಶಾ ಕಳಕೊಂಡ" ಎಂದು ನಗುತ್ತಾರೆ. ನಗುವವರಲ್ಲಿ ಒಬ್ಬನೂ ನೆಲ ಬಿಟ್ಟು ಒಂದು ಮೊಳ ಮೇಲೆ ಹೋದವನಲ್ಲ. ಅವನ ಜೊತೆ ಹೋದವನು ನಾನು. ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗಿದೆ.

ದುರ್ಗಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುವವನು. ಒಳ್ಳೆ ಕಟ್ಟುಮಸ್ತಾದ ಆಳು, ಹುಬ್ಬು ಮೀಸೆಗೆಲ್ಲ ಸದಾ ಹತ್ತಿ ಎಳೆ ಅಂಟಿಕೊಂಡಿರುತ್ತಿತ್ತು. ಬೆಳಗಾವಿ ಹತ್ತಿರದ ಸಾಂಬ್ರಾದಿಂದ ಎದ್ದ ವಿಮಾನ ನಮ್ಮ ಊರ ಮೇಲೆ ಬಂತೆಂದರೆ ಮುಗಿಯಿತು, ಹೊತ್ತ ಅಂಡಿಗೆಯನ್ನು ಅಲ್ಲೇ ಕೆಡವಿ ರಸ್ತೆಗೆ ಓಡುವನು. ಹಮಾಲರ ಮೇಲಿನ ಮುಕಾದಮ ಹಿಂದಿನಿಂದ, "ನಿಮ್ಮ ಮಾವ ಬಂದಾನೇನಲೇ ಅದರಾಗ?" ಎಂದು ಕೂಗುವನು. ಅಷ್ಟು ಹೊತ್ತಿಗೆ ನಾನೂ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ರಸ್ತೆಯಲ್ಲಿ ನಿಂತಿರುತ್ತಿದ್ದೆ. ನನ್ನ ಪಕ್ಕದ ಚಹಾದಂಗಡಿಯ ಉಳವಪ್ಪನೂ ಹೊರಗೆ ಬರುವನು. ಸದ್ದು ಪೂರ್ತಿ ಅಡಗುವವರೆಗೂ ಮೂವರೂ ಕತ್ತು ಎತ್ತಿಕೊಂಡು ನಿಲ್ಲುತ್ತಿದ್ದೆವು. ಆಮೇಲೆ ಚಹಾ. ದುರ್ಗಪ್ಪನ ಕಪ್ಪು ಮಾತ್ರ ಹೊರಗಿನ ಕಟ್ಟೆಯ ಮೂಲೆಯಲ್ಲಿ ಬೋರಲು ಬಿದ್ದಿರುತ್ತಿತ್ತು. ಅದಕ್ಕಾಗಿ ಉಳವಪ್ಪನಿಗೆ ಬೇಕಾದಷ್ಟು ಬೈದೆ. "ಒಳಗಿನ ಕಪ್ಪ ಕೊಟ್ಟರ ಗಿರಾಕಿ ಬಿಟ್ಟ ಹೋಗತಾವೋ ಮಾರಾಯಾ" ಎನ್ನುತ್ತಿದ್ದ.

ಎಮರ್ಜೆನ್ಸಿಯ ಎರಡನೇ ವರ್ಷ, ಚಳಿಗಾಲ. ಎಲ್ಲ ಕಡೆ ಗಂಡಸರಿಗೆ ಮಕ್ಕಳಾಗದ ಆಪರೇಶನ್ ಮಾಡುವ ಶಿಬಿರಗಳು. ಮಾಡಿಸಿಕೊಂಡವರಿಗೆ ಒಂದೂರಲ್ಲಿ ಬಕೀಟು, ಇನ್ನೊಂದೂರಲ್ಲಿ ರೇಡಿಯೋ. ಸವದತ್ತಿಯ ಶಿಬಿರದವರು ಎಲ್ಲರನ್ನೂ ಮೀರಿಸಿದರು. ಜೀಪಿಗೆ ಮೈಕಿನ ಕರ್ಣೆ ಕಟ್ಟಿಕೊಂಡು ಊರೂರು ಸಾರಿದರು: ಆಪರೇಶನ್ ಮಾಡಿಸಿಕೊಂಡವರನ್ನು ವಿಮಾನದಲ್ಲಿ ಕೂರಿಸಿ ಒಂದು ಸುತ್ತು ಹಾರಿಸುತ್ತೇವೆ. ನನಗೆ ಐದು ಮಕ್ಕಳು. ಹೆಂಡತಿ ಕೆಂಚವ್ವ, "ಹೋಗಿ ಬರ್ರಿ, ನನಗೂ ಸಾಕಾಗೈತಿ" ಎಂದು ತಾನೇ ಬುತ್ತಿ ಕಟ್ಟಿದಳು. ಉಳವಪ್ಪನಿಗೆ ನಾಲ್ಕು. ದುರ್ಗಪ್ಪನೂ ನಮ್ಮ ಜೊತೆ ಬಸ್ಸು ಹತ್ತಿದ. ಅವನಿಗಿದ್ದದ್ದು ಒಂದೇ ಹೆಣ್ಣು ಕೂಸು, ಸೀತವ್ವ, ಆಗ ತಾನೇ ಗೋಡೆ ಹಿಡಿದು ನಡೆಯುತ್ತಿತ್ತು. ಒಂದೇ ಮಗು ಇದ್ದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಜೀಪಿನವರೇ ಸಾರಿದ್ದರು. ಹಾಗಾಗಿ ನಮಗೆ ಜೊತೆಯಾಗಲು ಬಂದಿದ್ದಾನೆ ಎಂದು ತಿಳಿದೆ.

ನನ್ನದು ಮುಗಿಸಿಕೊಂಡು ಡೇರೆಯಿಂದ ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತಿದ್ದೆ. ಇನ್ನೊಂದು ಡೇರೆಯಿಂದ ದುರ್ಗಪ್ಪ ಕಾಲು ಅಗಲಿಸಿ ನಡೆಯುತ್ತ ಬಂದ. ನಾನು ಕೂತಲ್ಲಿಂದಲೇ ಕೂಗಿದೆ.

"ಲೇ ದುರ್ಗ್ಯಾ, ಏನ್ ಮಾಡಿಕೊಂಡ ಬಂದಿಯೋ?"

"ಮಕ್ಕಳೆಷ್ಟು ಅಂತ ಕೇಳಿದ್ರು. ಮನ್ಯಾಗ ಮೂರ ಅದಾವ್ರಿ ಅಂದೆ."

"ಎರಡು ನಿಮ್ಮಣ್ಣ ಸೋಮಪ್ಪನವಲ್ಲೋ."

"ಅಣ್ಣನ ಮಕ್ಕಳು ನನ್ನ ಮಕ್ಕಳಲ್ಲೇನ್ರಿ ಮಾಂತಪ್ಪಣ್ಣಾರ? ಮೂರೂ ಒಂದ ಗಂಗಾಳದಾಗ ಉಣ್ಣತಾವು. ನನಗೂ ಅಪ್ಪಾ ಅಂತಾವು."

ಅವನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಕೂಡಿದ ಮನೆಯಲ್ಲಿ ಮಕ್ಕಳನ್ನು ಹಾಗೇ ಎಣಿಸುವುದು. ನನ್ನ ಅಜ್ಜನೂ ಹಾಗೇ ಎಣಿಸುತ್ತಿದ್ದ. ಆದರೂ ದಾರಿಯುದ್ದಕ್ಕೂ ಅವನಿಗೆ ಬೈದೆ. ಮನೆಯಲ್ಲಿ ಅವನ ಹೆಂಡತಿ ಸಾವಂತ್ರೆವ್ವ ಬೈಯಲಿಲ್ಲ, ಅತ್ತಳು. ಕೆಲವು ದಿನ ಅವನ ಪಾಲಿನ ರೊಟ್ಟಿ ಬಡಿಯಲಿಲ್ಲ. ಆಮೇಲೆ, "ಇರೂದು ಒಂದ ಆತು, ಅದನ್ನರ ಚಂದಂಗ ಬೆಳಸೂಣು" ಎಂದು ಸಮಾಧಾನ ಮಾಡಿಕೊಂಡಳು.

ಹೊಲಿಗೆ ಮಾಯ್ದ ಮೇಲೆ ಮಾತು ಕೊಟ್ಟಂತೆ ಹಾರಿಸಿದರು. ನವಿಲುತೀರ್ಥದ ಅಣೆಕಟ್ಟಿನ ಕಡೆ ಸಮ ಮಾಡಿದ ಬಯಲು. ವಿಮಾನವೆಂದರೆ ಜೀಪಿಗಿಂತ ಎಷ್ಟೋ ಹಗುರ, ಮೂಗಿಗೆ ಒಂದೇ ಪಂಖ. ಪೈಲಟನ ಪಕ್ಕ ಒಂದು ಸೀಟು, ಹಿಂದೆ ಎರಡು. ಭಾರದವನು ಮುಂದೆ ಕೂರಲಿ ಎಂದು ಪೈಲಟ್ ದುರ್ಗಪ್ಪನನ್ನು ತನ್ನ ಪಕ್ಕ ಕೂರಿಸಿಕೊಂಡ. ಪಂಖ ತಿರುಗಿದಾಗ ಎದ್ದ ಧೂಳಿನಲ್ಲಿ ಏನೂ ಕಾಣಲಿಲ್ಲ. ಗಾಲಿ ಕಲ್ಲಿನ ಮೇಲೆ ಗಡಗಡ ಬಡಿದುಕೊಳ್ಳುತ್ತ ಓಡಿತು, ಓಡಿತು, ಒಮ್ಮೆಲೇ ಆ ಗಡಗಡ ನಿಂತುಹೋಯಿತು. ನೆಲ ಬಿಟ್ಟದ್ದು ನಮಗೆ ತಿಳಿದದ್ದು ಹಾಗೆ. ಉಳವಪ್ಪ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತ ನನ್ನ ತೊಡೆ ಹಿಂಡಿದ, ವಾರಗಟ್ಟಲೆ ನೀಲಿಗಟ್ಟಿತ್ತು. ಕೆಳಗೆ ಎರಡು ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ ನೀರು. ಎಲ್ಲಮ್ಮನ ಗುಡ್ಡವನ್ನು ಯಾವತ್ತೂ ತಲೆ ಎತ್ತಿ ನೋಡಿದವರು ನಾವು, ಅವತ್ತು ತಲೆ ತಗ್ಗಿಸಿ ನೋಡಿದೆವು. ನೀರಿನ ಮೇಲೆ ನಮ್ಮದೇ ನೆರಳು ಓಡುತ್ತಿತ್ತು. ಮುಂದೆ ಕೂತ ದುರ್ಗಪ್ಪ ಕಿಟಕಿಗೆ ಹಣೆ ಒತ್ತಿ ಕೆಳಗೇ ನೋಡುತ್ತಿದ್ದ. ಇಳಿದ ಮೇಲೆ ನೋಡಿದರೆ ಅವನ ಅಂಗಿಯ ಎದೆಯೆಲ್ಲ ಒದ್ದೆ. ಅಷ್ಟು ಅತ್ತಿದ್ದ, ಸಂತೋಷಕ್ಕೆ.

ಆಮೇಲೆ ನಮಗೆ ಬೇರೆ ಮಾತೇ ಇರಲಿಲ್ಲ. ಸಂಜೆ ಜಿನ್ನು ಬಿಟ್ಟ ಮೇಲೆ ಮೂವರೂ ನನ್ನ ಅಂಗಡಿಯ ಮುಂದೆ. ಭಜನೆಯವರ ಹಾಗೆ ನಾವು ಕಥೆಯನ್ನು ಪಾಲು ಮಾಡಿಕೊಂಡಿದ್ದೆವು. ಪಂಖ ತಿರುಗಿಸುವುದು ಉಳವಪ್ಪ, ನೆಲ ಬಿಡಿಸುವುದು ನಾನು, ನೀರು ದುರ್ಗಪ್ಪನದು. ಒಬ್ಬನ ಪಾಲಿಗೆ ಇನ್ನೊಬ್ಬ ಬಾಯಿ ಹಾಕುವ ಹಾಗಿಲ್ಲ. ದಿನದಿನಕ್ಕೂ ವಿಮಾನ ಇನ್ನೂ ಎತ್ತರ ಹೋಗುತ್ತಿತ್ತು. ನೀರು ಇನ್ನೂ ಅಗಲವಾಗುತ್ತಿತ್ತು. ಹೆಂಡತಿಯರು ಮಾತ್ರ ಕೇಳುತ್ತಿರಲಿಲ್ಲ. ನಮ್ಮ ಕೆಂಚವ್ವ, "ಇಳೀರಿನ್ನ ಕೆಳಗ, ಎಮ್ಮಿ ಹಿಂಡಬೇಕು" ಎನ್ನುತ್ತಿದ್ದಳು.

ಮರುವರ್ಷ ಮಳೆಗಾಲದಲ್ಲಿ ಸೀತವ್ವ ತೀರಿಕೊಂಡಿತು. ವಾಂತಿಭೇದಿ. ಬೆಳಿಗ್ಗೆ ಆಡುತ್ತಿದ್ದ ಕೂಸು, ಬೆಳಗಾವಿಗೆ ಕರೆದೊಯ್ಯಲು ಗಾಡಿ ಹುಡುಕುವಷ್ಟರಲ್ಲಿ ಹೋಗಿಬಿಟ್ಟಿತು. ಹೆಗಲ ಮೇಲೆ ಅಂಡಿಗೆ ಹೊರುವ ದುರ್ಗಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಡೆದ. ಅಷ್ಟು ಹಗುರವಾದದ್ದನ್ನು ಹೊರಲಾಗದೆ ಎರಡು ಸಲ ಕೂತ.

ಊರಿನ ಜಾಣರು ಸಾವಂತ್ರೆವ್ವನಿಗೆ, "ಭಾವನ ಮಕ್ಕಳು ನಿನ್ನವಲ್ಲೇನಬೇ?" ಎಂದು ಸಮಾಧಾನ ಹೇಳಿದರು. ಆ ಸಮಾಧಾನವೂ ಬಹಳ ದಿನ ಉಳಿಯಲಿಲ್ಲ. ಸೋಮಪ್ಪನಿಗೆ ರಾಮದುರ್ಗದಲ್ಲಿ ಮಗ್ಗದ ಕೆಲಸ ಸಿಕ್ಕಿತು. ಹೆಂಡತಿ, ಎರಡು ಮಕ್ಕಳು, ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದ. ಅವನದೇನು ತಪ್ಪು? ಅವರವರ ಹೊಟ್ಟೆ ಅವರವರಿಗೆ. ಮನೆಯಲ್ಲಿ ಮೂರು ಇದ್ದದ್ದು ಒಂದೂ ಇಲ್ಲದಂತಾಯಿತು.

ನಾವು ವಿಮಾನದ ಮಾತು ಬಿಟ್ಟುಬಿಟ್ಟೆವು. ಯಾವ ಬಾಯಿಂದ ಆಡುವುದು? ಮೇಲೆ ಸದ್ದಾದರೂ ತಲೆ ಎತ್ತುತ್ತಿರಲಿಲ್ಲ. ಒಂದು ಸಂಜೆ ದುರ್ಗಪ್ಪನೇ ಬಂದು ಕಟ್ಟೆಯ ಮೇಲೆ ಕೂತ. "ಪಂಖ ತಿರಗಸ್ರಿ ಉಳವಪ್ಪಣ್ಣಾರ" ಎಂದ. ಉಳವಪ್ಪ ನನ್ನ ಮುಖ ನೋಡಿದ.

"ಬ್ಯಾಡೋ ದುರ್ಗಪ್ಪ" ಎಂದೆ.

"ನೀವೂ ಬಿಟ್ಟರ, ನಾ ಸುಮ್ಮಸುಮ್ಮನ ಕಳಕೊಂಡಂಗ ಆಗತೈತ್ರಿ. ಹೇಳ್ರಿ."

ಹೇಳಿದೆವು. ಅವತ್ತು ಉಳವಪ್ಪ ಅವನಿಗೆ ಒಳಗಿನ ಕಪ್ಪಿನಲ್ಲೇ ಚಹಾ ಕೊಟ್ಟ, ಮರುದಿನ ಮತ್ತೆ ಹೊರಗಿನದರಲ್ಲಿ. ಥೂ, ಇಷ್ಟೇ ನಮ್ಮ ಯೋಗ್ಯತೆ.

ಆಪರೇಶನ್ನಿನಲ್ಲಿ ಕತ್ತರಿಸಿದ್ದನ್ನು ಮತ್ತೆ ಜೋಡಿಸುತ್ತಾರೆ ಎಂಬ ಸುದ್ದಿ ತಂದವಳು ಸಾವಂತ್ರೆವ್ವ. ಮುರಗೋಡದ ಮಠದಲ್ಲಿ ಯಾರೋ ಹೆಂಗಸು ಹೇಳಿದ್ದಳಂತೆ. ಗಂಡಹೆಂಡತಿ ಹುಬ್ಬಳ್ಳಿಗೆ ಹೋದರು. ಅಲ್ಲಿಯ ಡಾಕ್ಟರು ನೇರ ಮನುಷ್ಯ. "ಕತ್ತರಸೂದು ಸುಲಭ, ಜೋಡಸೂದು ಕಷ್ಟ. ಆಸೆ ಇಟ್ಕೋಬ್ಯಾಡ್ರಿ" ಎಂದೇ ಹೇಳಿ ಆಪರೇಶನ್ ಮಾಡಿದರು. ಆಸೆ ಇಟ್ಟುಕೊಳ್ಳಬೇಡಿ ಅಂದರೆ ಬಿಡುತ್ತದೆಯೇ? ಕೆಂಚವ್ವನ ಜೊತೆ ಮಾತಾಡಲು ನಮ್ಮ ಮನೆಗೆ ಬಂದ ಸಾವಂತ್ರೆವ್ವ ಹಳೆ ಸೀರೆಯ ಅಂಚಿನಿಂದ ಕುಲಾವಿ ಹೊಲಿಯುತ್ತಿದ್ದಳು. ಕೂಸು ಹುಟ್ಟೂ ಮೊದಲ ಕುಲಾವಿ ಎಂಬ ಗಾದೆ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅವತ್ತು ಒಂದು ದಿನ ನನ್ನ ಬಾಯಿ ನನ್ನ ಮಾತು ಕೇಳಿತು.

ಎರಡು ವರ್ಷ ಹಾಗೇ ಕಾದರು. ತಿಂಗಳು ತಪ್ಪಿತೆಂದು ಅವಳು ಒಮ್ಮೆ ಸಕ್ಕರೆ ಹಂಚಿದಳು. ವಾರದಲ್ಲಿ ಅದೂ ಸುಳ್ಳಾಯಿತು. ಎಪ್ಪತ್ತೊಂಬತ್ತರಲ್ಲಿ ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆಂದು ಗಂಡಹೆಂಡತಿ ಇಬ್ಬರನ್ನೂ ಕರೆಸಿದರು.

ಹೋದ ದಿನ ಸಂಜೆ ಹುಬ್ಬಳ್ಳಿಯ ಬಸ್ಸಿನಿಂದ ಇಳಿದು ಇಬ್ಬರೂ ನೇರ ನನ್ನ ಅಂಗಡಿಗೆ ಬಂದರು. ಕೇಳುವ ಅಗತ್ಯವಿರಲಿಲ್ಲ, ದುರ್ಗಪ್ಪನ ಮುಖವೇ ಹೇಳುತ್ತಿತ್ತು. ಆದರೂ ಕೇಳಿದೆ.

"ಆಗೂದಿಲ್ಲಂತ್ರಿ" ಎಂದ. "ಇನ್ನ ಬರೂದ ಬ್ಯಾಡ ಅಂದ್ರು."

ಉಳವಪ್ಪ ಚಹಾ ತಂದ. ಯಾರೂ ಕುಡಿಯಲಿಲ್ಲ. ಸಾವಂತ್ರೆವ್ವ ಸೆರಗು ಬಿಗಿ ಮಾಡಿಕೊಂಡು ಕಟ್ಟೆಯ ತುದಿಗೆ ಕೂತಳು. ಅಷ್ಟು ವರ್ಷದಲ್ಲಿ ಅವಳು ನನ್ನ ಅಂಗಡಿಯ ಮುಂದೆ ಕೂತದ್ದು ಅದೇ ಮೊದಲು.

"ಅಣ್ಣಾರ" ಎಂದಳು. "ಆವತ್ತ ಮ್ಯಾಲ ಹೋಗಿದ್ರೆಲ್ಲ, ಅದನ್ನ ಹೇಳ್ರಿ. ನಾ ಕೇಳತೇನಿ."

"ಈಗ ಬ್ಯಾಡ ತಂಗಿ."

"ಈಗ ಹೇಳ್ರಿ. ನನ್ನ ಕೂಸುಗಳನ್ನ ಕೊಟ್ಟ ತಗೊಂಡದ್ದು ಅದು. ಏನಂತ ನಾನೂ ತಿಳಕೊಳ್ಳಲಿ."

ಉಳವಪ್ಪ ಪಂಖ ತಿರುಗಿಸಿದ. ನಡುವೆಯೇ ನಿಲ್ಲಿಸಿ ನನಗೆ ಬಿಟ್ಟ. ನಾನು ಧೂಳು ಹೇಳಿದೆ, ಗಾಲಿಯ ಗಡಗಡ ಹೇಳಿದೆ, ಅದು ನಿಂತದ್ದು ಹೇಳಿದೆ. ಅವಳ ಮುಖ ನೋಡುತ್ತ ಹೇಳಿದರೆ ನಾವು ಕೂಡಿಸಿದ ಎತ್ತರ, ಅಗಲ ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ದುರ್ಗಪ್ಪನ ಸರದಿ. ಅವನು ಹೆಂಡತಿಯ ಕಡೆ ತಿರುಗಿ ಕೂತ.

"ಕೆಳಗ ನೀರಿತ್ತು" ಎಂದ. "ನೀರ ಮ್ಯಾಲ ನಮ್ಮ ನೆರಳ ಓಡತಿತ್ತು. ಗುಡ್ಡಾ ಸಣ್ಣದ ಕಾಣತಿತ್ತು. ಆಮ್ಯಾಲ ಇಳಿದ್ವಿ."

ಸಾವಂತ್ರೆವ್ವ ಮುಂದಿನದಕ್ಕೆ ಕಾದಳು.

"ಇಷ್ಟೇ ಏನು?" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾವು ತಡೆದುಕೊಳ್ಳುತ್ತಿದ್ದೆವು. "ನಾ ಭಾಳ ಏನೋ ಇರಬೇಕು ಅಂತ ತಿಳಕೊಂಡಿದ್ದೆ."

"ಇಷ್ಟೇ" ಎಂದ ದುರ್ಗಪ್ಪ.