ಪಾರ್ಕಿಂಗ್ ಮಾಡಿದ ಭತ್ತ

ದನದ ಲಸಿಕಿ ಡಬ್ಬಿಯೊಳಗ ಬರ್ಫ ಕರಗಾಕತ್ತಿತ್ತು. ಲಸಿಕಿ ಕೆಡೋದ್ರೊಳಗ ದನದ ದವಾಖಾನಿಗಿ ಮುಟ್ಟಿಸಬೇಕಿತ್ತು. ಶಹಾಪುರದಾಗ ರಸ್ತೆ ಬದಿ ನಿಲ್ಲಾಕೂ ರೊಕ್ಕ ಅನ್ನೋ ಕಾಯ್ದೆ ಬಂದ ಹೊಸತು. ಬಿಳಿ ಗೆರಿ ಎಳೆದ ಎಲ್ಲಾ ಪಾರ್ಕಿಂಗ್ ಚೌಕದಾಗೂ ಗಾಡಿ ನಿಂತಿದ್ವು. ಒಂದರಾಗ ಮಾತ್ರ ಕೆನಾಲ್ ನೀರಿನಾಗ ಬೆಳೆದ ಭತ್ತ ಒಣಗಾಕ ಹರವಿತ್ತು.

"ಇದನ್ನ ತೆಗಿಯವ್ವಾ, ಜೀಪು ನಿಲ್ಲಿಸಬೇಕು," ಅಂದೆ.

ಭತ್ತ ಕಾಯಾಕತ್ತಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ ಪಾರ್ಕಿಂಗ್ ಚೀಟಿ ತೋರಿಸಿದಳು. "ಸಂಜೀ ತನಕ ಈ ಜಾಗ ನಂದು."

ಪಾರ್ಕಿಂಗ್ ರೊಕ್ಕ ಎತ್ತೋ ವಸೂಲಿಯವನ್ನ ಕೇಳಿದೆ. "ಭತ್ತ ಬ್ಯಾಡ ಅಂತ ಕಾಯ್ದೆದಾಗ ಬರದಿಲ್ರಿ," ಅಂದ.

ಅಷ್ಟರಾಗ ಬಾಜೂಕಿನ ಕಾರು ಹೋಯ್ತು. ಅಲ್ಲಿ ಜೀಪು ನಿಲ್ಲಿಸಿ, ಚೀಟಿ ತಗೊಂಡು, ಡಬ್ಬಿ ಹಿಡದು ಓಡಿದೆ. ಹಿಂದಿಂದ ಮುದುಕಿ ಕೂಗಿದಳು:

"ನಿನ್ನ ಗಾಡಿ ನೆಳ್ಳು ನನ್ನ ಭತ್ತದ ಮ್ಯಾಲ ಬಿದ್ದದ. ನಾ ರೊಕ್ಕ ಕೊಟ್ಟಿದ್ದು ಬಿಸಿಲಿಗಿ."

ತಿರುಗಿ ನೋಡಿದ್ರ, ವಸೂಲಿಯವ ನೆಳ್ಳಿಗಿ ಬ್ಯಾರೆ ಚೀಟಿ ಹರಿಯಾಕತ್ತಿದ್ದ.