ಇರ್ಮಾ ಕಟ್ಟಿದ ಇಂಜಿನ್, ಡೆನ್ನಿಗೆ ಬಂದ ಹೆಸರು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಸೌತ್ ಬೆಂಡ್ ಊರಿನ ಪಶ್ಚಿಮದಂಚಿನ ತಗಡಿನ ಶೆಡ್ಡಿನಲ್ಲಿ ಹೀಟರು ಗೊರಗುಟ್ಟುತ್ತಿದೆಯೇ ಹೊರತು ಚಳಿ ಬಿಟ್ಟಿಲ್ಲ. ಇರ್ಮಾ ಕೊವಾಚ್ ಬಲಗೈಯ ಗ್ಲೌಸು ಕಳಚಿ, ಹಳೆಯ ಓಲ್ಡ್ಸ್‌ಮೊಬೈಲ್ ಕಾರಿನ ಇಂಜಿನ್ನಿನ ಸಿಲಿಂಡರಿನೊಳಗೆ ತೋರುಬೆರಳು ಇಳಿಸಿ ಗೋಡೆ ಸವರಿ ನೋಡುತ್ತಾರೆ. ತೃಪ್ತಿಯಾದ ಮೇಲೆ ಪಿಸ್ಟನ್ನಿಗೆ ಎಣ್ಣೆ ಬಳಿದು, ಅದರ ಉಂಗುರಗಳನ್ನು ಪಟ್ಟಿಯಿಂದ ಬಿಗಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಪಿಸ್ಟನ್ ಒಳಗೆ ಜಾರುತ್ತದೆ.

"ಗುದ್ದಿ ಕೂರಿಸಬಾರದು. ಹೋಗಲ್ಲ ಅಂತ ಅದು ಹಟ ಹಿಡಿದ್ರೆ ತಪ್ಪು ನಮ್ಮದೇ, ಅದರದ್ದಲ್ಲ" ಎನ್ನುತ್ತಾರೆ. ಆಮೇಲೆ, ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ನಿಂತ ನನ್ನ ಕಡೆ ನೋಡದೆಯೇ, "ಕಾಫಿ ಬೇಕಾದ್ರೆ ಅಲ್ಲಿದೆ. ನಿನ್ನೆ ಕಾಸಿದ್ದು. ಕುಡಿದು ಸತ್ತರೆ ನನ್ನ ಕೇಳಬೇಡ."

ಅರವತ್ತಾರು ದಾಟಿರುವ ಈ ಹೆಂಗಸು ಅರವತ್ತು, ಎಪ್ಪತ್ತರ ದಶಕದ ದೈತ್ಯ ಕಾರುಗಳ ಇಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತ ಬಂದು ನಲವತ್ತು ವರ್ಷ ಮೀರಿದೆ. ಭಾನುವಾರ ನಮ್ಮೂರ ಮುಖ್ಯರಸ್ತೆಯಲ್ಲಿ ಎದೆ ನಡುಗಿಸುತ್ತ ಸಾಗುವ ಕಾರುಗಳಲ್ಲಿ ಹೆಚ್ಚಿನವು ಇವರ ಕೈಯಿಂದ ಎದ್ದು ಹೋದವು. ಅವುಗಳ ಮಾಲೀಕರನ್ನು ಕೇಳಿ ನೋಡಿ. "ಡೆನ್ನಿ ಕೊವಾಚ್ ಕಟ್ಟಿದ್ದು" ಎಂದೇ ಹೇಳುತ್ತಾರೆ. ಡೆನ್ನಿ ಇರ್ಮಾರ ಗಂಡ. ತೀರಿಕೊಂಡು ಮೂರು ವರ್ಷವಾಯಿತು.

ಇರ್ಮಾರಿಗೆ ಈ ಕೆಲಸ ಬಂದದ್ದು ಅಪ್ಪನಿಂದ. ಊರಿನ ಕಾರು ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡ ಅವರು ಮನೆ ಹಿಂದೆ ಲೇತ್ ಹಾಕಿಕೊಂಡಿದ್ದರು. "ಪ್ರೀತಿಯಿಂದ ಕಲಿಸಿದ ಅಂದ್ಕೋಬೇಡ. ಆಳು ಇಡೋಕೆ ಗತಿ ಇರಲಿಲ್ಲ, ಗಂಡುಮಗ ಹುಟ್ಟಿರಲಿಲ್ಲ. ನಾನಿದ್ದೆ, ಅಷ್ಟೇ" ಎಂದು ಇರ್ಮಾ ನಗುತ್ತಾರೆ. ಆ ನಗುವಿನಲ್ಲಿ ಸಿಹಿ ಇಲ್ಲ.

ಮದುವೆಯಾದ ಮೇಲೆ ಗಂಡಹೆಂಡಿರು ಈ ಶೆಡ್ಡು ತೆರೆದರು. ಡೆನ್ನಿ ಮಾತಿನ ಮಲ್ಲ. ಗಿರಾಕಿಯ ಹೆಗಲ ಮೇಲೆ ಕೈಹಾಕಿ ನಗಿಸಿ, ಮಗುವಿನ ಹೆಸರು ಕೇಳಿ, ಕಾರಿನ ಕೀಲಿ ಇಸಿದುಕೊಳ್ಳುವುದು ಅವರ ಕೆಲಸ. ಕೀಲಿ ಬಂದ ಮೇಲಿನದೆಲ್ಲ ಇರ್ಮಾರದು. ಸಿದ್ಧವಾದ ಕಾರನ್ನು ರಸ್ತೆಗಿಳಿಸಿ ಗಿರಾಕಿಯ ಮುಂದೆ ಟಯರಿನಿಂದ ಹೊಗೆಯೇಳುವಂತೆ ಓಡಿಸಿ ಮೆರೆಯುವುದು ಮತ್ತೆ ಡೆನ್ನಿಯದು. ಆ ಹೊತ್ತಿಗೆ ಇರ್ಮಾ ಒಳಗೆ ಕೈ ತೊಳೆಯುತ್ತಿರುತ್ತಿದ್ದರು.

ಡೆನ್ನಿಯ ಶವಸಂಸ್ಕಾರಕ್ಕೆ ನಾನೂ ಹೋಗಿದ್ದೆ. ಇಗರ್ಜಿಯ ಹೊರಗೆ ಸಾಲುಗಟ್ಟಿ ನಿಂತ ಕಾರುಗಳೆಲ್ಲ ಒಟ್ಟಿಗೆ ಇಂಜಿನ್ ಮೊರೆಸಿ ಗೌರವ ಸಲ್ಲಿಸಿದವು. ಕಿಟಕಿಯ ಗಾಜುಗಳು ಅದುರಿದವು. ಗಾರ್ಲಂಡ್ ಪ್ರೇಟರ್ ಎಂಬ ಹಳೆಯ ಗಿರಾಕಿ ಎದ್ದು ನಿಂತು, "ಅಂಥ ಕೈಗಳನ್ನ ದೇವರು ಮತ್ತೆ ಮಾಡಲ್ಲ" ಎಂದರು. ಮುಂದಿನ ಸಾಲಿನಲ್ಲಿ ಕಪ್ಪು ಉಡುಪಿನಲ್ಲಿ ಕುಳಿತ ಇರ್ಮಾ ತಮ್ಮ ಕೈಗಳನ್ನು ಮಡಿಲಲ್ಲಿ ಮಡಚಿಟ್ಟುಕೊಂಡಿದ್ದರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ.

ಊಟದ ಹೊತ್ತಿಗೆ ಇರ್ಮಾ ಬಾಯಿ ಬಿಟ್ಟರು. ಚಿಕನ್ ಪಾಪ್ರಿಕಾಶ್ ಬಡಿಸಿಕೊಳ್ಳುತ್ತಿದ್ದವರ ಎದುರು, "ಆ ಇಂಜಿನ್‌ಗಳನ್ನ ಕಟ್ಟಿದ್ದು ನಾನು" ಎಂದರು. ಪಾದ್ರಿ ಬಂದು ಅವರ ಕೈ ತಟ್ಟಿ, "ಹೌದಮ್ಮ, ನೀವಿಬ್ಬರೂ ಸೇರಿ ಕಟ್ಟಿದ್ದು. ದುಃಖ ದೊಡ್ಡದು, ಸ್ವಲ್ಪ ಮಲಗಿ" ಎಂದರು.

"ಅವತ್ತು ನಾನು ಕುಡಿದು ಕೂಗಾಡಿದ್ರೂ ನಂಬ್ತಿದ್ರೇನೋ. ಮೆಲ್ಲಗೆ ಹೇಳಿದ್ದೇ ತಪ್ಪಾಯ್ತು" ಎನ್ನುತ್ತಾರೆ ಈಗ.

ಅದಾದ ಮೇಲೆ ಶೆಡ್ಡಿಗೆ ಕಾರುಗಳು ಬರಲಿಲ್ಲ. ಬಂದವರು ಹತ್ಯಾರ ಕೇಳಲು ಬಂದರು. "ಸಿಲಿಂಡರ್ ಉಜ್ಜೋ ಡೆನ್ನಿಯ ಹೋನಿಂಗ್ ಮೆಷಿನ್ನು ಸುಮ್ಮನೆ ತುಕ್ಕು ಹಿಡಿಯುತ್ತಲ್ಲ ತಾಯಿ" ಎಂದ ಒಬ್ಬ. "ನಾನು ತುಕ್ಕು ಹಿಡಿದ ಮೇಲೆ ಬಾ" ಎಂದು ಇರ್ಮಾ ಬಾಗಿಲು ಹಾಕಿದರು.

ಗಾರ್ಲಂಡ್ ತಮ್ಮ ಅರವತ್ತೇಳರ ಮಾಡೆಲಿನ ಪಾಂಟಿಯಾಕ್ ಕಾರನ್ನು ಬೇರೆ ಊರಿನ ಹೆಸರುವಾಸಿ ಮೆಕ್ಯಾನಿಕ್ಕಿನ ಬಳಿ ಒಯ್ದರು. ಆತ ಅದಕ್ಕೆ ರೇಸಿನ ಕುದುರೆಯ ವೇಷ ತೊಡಿಸಿದ. ಕವಾಟ ತೆರೆಯುವ ದೊಡ್ಡ ಕ್ಯಾಮ್ ದಂಡ, ಸಿಲಿಂಡರಿನಲ್ಲಿ ಮಿತಿಮೀರಿದ ಒತ್ತಡ. ಕಾಗದದ ಮೇಲೆ ಅಶ್ವಶಕ್ತಿ ಏರಿತು. ಆದರೆ ಸಿಗ್ನಲ್ಲಿನಲ್ಲಿ ನಿಂತರೆ ಕಾರು ಉಬ್ಬಸದ ರೋಗಿಯಂತೆ ಏದುಸಿರು ಬಿಡುತ್ತಿತ್ತು. ಬಂಕಿನ ಸಾಧಾರಣ ಪೆಟ್ರೋಲು ಆ ಒತ್ತಡ ತಾಳಲಾರದೆ ಒಳಗೊಳಗೇ ಸಿಡಿದು, ಬೇಸಿಗೆ ಮುಗಿಯುವ ಮೊದಲೇ ಪಿಸ್ಟನ್ನುಗಳು ಒಡೆದವು.

ಲಾರಿಯ ಮೇಲೆ ಕಾರು ಹೇರಿಕೊಂಡು ಗಾರ್ಲಂಡ್ ಶೆಡ್ಡಿಗೆ ಬಂದರು. "ಡೆನ್ನಿ ನಿನ್ನ ಹತ್ತಿರ ಏನಾದರೂ ಹೇಳಿರ್ತಾನಲ್ಲ ಇರ್ಮಾ? ಅದನ್ನ ನಮ್ಮ ಮೆಕ್ಯಾನಿಕ್ಕಿಗೆ ಹೇಳಿಕೊಡು."

"ಕಾರು ಇಳಿಸು. ನೀನು ಹೋಗು" ಎಂದರು ಇರ್ಮಾ.

ಆ ಚಳಿಗಾಲ ಪೂರ್ತಿ ಒಬ್ಬರೇ ಕೂತು ಅದನ್ನು ಕಟ್ಟಿದರು. ಗೀರುಬಿದ್ದ ಸಿಲಿಂಡರ್ ಗೋಡೆಗಳನ್ನು ಕೊರೆದು ಹದಮಾಡಿದರು. ಒತ್ತಡ ಇಳಿಸಿ, ಸಣ್ಣ ಕ್ಯಾಮ್ ಕೂರಿಸಿ, ಉಂಗುರಗಳ ಸಂದನ್ನು ಒಂದೊಂದಾಗಿ ಅರದಿಂದ ಉಜ್ಜಿ ಹೊಂದಿಸಿದರು. "ರಸ್ತೆ ಕಾರಿಗೆ ಬಲ ಬೇಕಾಗೋದು ಕಡಿಮೆ ವೇಗದಲ್ಲಿ, ಹೊರಡೋ ಹೊತ್ತಲ್ಲಿ. ಭಾರೀ ವೇಗದ ಬಲ ಬರೀ ಜಂಬ. ಹೆಂಡ್ತೀನ ಪಕ್ಕದಲ್ಲಿ ಕೂರಿಸ್ಕೊಂಡು ಐಸ್‌ಕ್ರೀಮ್ ತಿನ್ನೋಕೆ ಹೋಗೋ ಗಾಡಿ ಅದು. ಮನೆಗೆ ವಾಪಸ್ ಬರಬೇಕು ತಾನೇ?"

ವಸಂತದಲ್ಲಿ ಗಾರ್ಲಂಡ್ ಬಂದು ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸುತ್ತಿಗೆ ಹತ್ತಿಕೊಂಡು, ಹೊಟ್ಟೆ ತುಂಬಿದ ಹುಲಿಯ ಹಾಗೆ ಗುರುಗುಟ್ಟುತ್ತ ನಿಂತಿತು. ಗಾರ್ಲಂಡ್ ಕಣ್ಣೊರೆಸಿಕೊಂಡರು. "ಥೇಟ್ ಡೆನ್ನಿ ಕಟ್ಟಿದ ಹಾಗೇ ಇದೆ. ನಿನಗೆ ಚೆನ್ನಾಗಿ ಕಲಿಸಿದಾನೆ ಕಣೆ."

"ಆ ಕಡೆ ಜರುಗು" ಎಂದು ಇರ್ಮಾ ಅವರನ್ನು ಪಕ್ಕದ ಸೀಟಿಗೆ ತಳ್ಳಿ ಸ್ಟೀರಿಂಗ್ ಹಿಡಿದರು. ತಾವು ಕಟ್ಟಿದ ಕಾರನ್ನು ಹೀಗೆ ರಸ್ತೆಗಿಳಿಸಿದ್ದು ಅದೇ ಮೊದಲು. ಜೋಳದ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಪೆಡಲು ತುಳಿದಾಗ ಹಿಂದಿನ ಟಯರುಗಳು ಕಿರುಚಿ ಹೊಗೆಯೆದ್ದಿತು. "ಸಾಕು ತಾಯಿ, ಸಾಕು! ನಂಗೆ ಮೊಮ್ಮಕ್ಕಳಿದಾರೆ!" ಎಂದು ಗಾರ್ಲಂಡ್ ಡ್ಯಾಶ್‌ಬೋರ್ಡ್ ತಬ್ಬಿಕೊಂಡರಂತೆ. ಇದನ್ನು ಹೇಳುವಾಗ ಮಾತ್ರ ಇರ್ಮಾರ ಮುಖ ಅರಳುತ್ತದೆ.

ಬೇಸಿಗೆಯಲ್ಲಿ ಕಾರುಗಳ ಪ್ರದರ್ಶನವಾಯಿತು. ಗಾರ್ಲಂಡರ ಪಾಂಟಿಯಾಕಿಗೇ ಬಹುಮಾನ. ತೆರೆದ ಬಾನೆಟ್ಟಿನ ಪಕ್ಕ ಒಂದು ಫಲಕ ನಿಂತಿತ್ತು: 'ಡೆನ್ನಿ ಕೊವಾಚ್ ಕೈಚಳಕಕ್ಕೆ ನಮನ.' ಇರ್ಮಾ ಅದನ್ನು ಓದಿ, ಗಾರ್ಲಂಡರನ್ನು ಪಕ್ಕಕ್ಕೆ ಕರೆದು, "ತೆಗಿ ಅದನ್ನ" ಎಂದರು.

"ಸತ್ತವನ ಹೆಸರು ತೆಗೆಯೋಕಾಗುತ್ತಾ ಇರ್ಮಾ? ಜನ ಏನಂತಾರೆ?" ಎಂದರು ಗಾರ್ಲಂಡ್. ಫಲಕ ಸಂಜೆಯವರೆಗೂ ಅಲ್ಲೇ ಇತ್ತು. ಇರ್ಮಾ ನಡೆದೇ ಮನೆಗೆ ಬಂದರು.

ಈಗ ಅವರ ಕೈಯಲ್ಲಿರುವುದು ಈ ಓಲ್ಡ್ಸ್‌ಮೊಬೈಲ್ ಒಂದೇ. ಹೊರಗಿನಿಂದ ಬಂದು ನೆಲೆಸಿದ ಟ್ವೈಲಾ ಎಂಬ ನರ್ಸ್ ತಂದು ಬಿಟ್ಟದ್ದು. ಡೆನ್ನಿ ಯಾರೆಂದು ಆಕೆಗೆ ಗೊತ್ತಿಲ್ಲ.

ಹೊರಡುವ ಮುಂಚೆ ನಾನು ಕೇಳುತ್ತೇನೆ, "ನಿಮ್ಮ ಯಜಮಾನರನ್ನ ಯಾವತ್ತಾದರೂ ಕೇಳಿದ್ರಾ, ಯಾಕೆ ನಿಜ ಹೇಳ್ಲಿಲ್ಲ ಅಂತ?"

ಇರ್ಮಾ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾರೆ. "ಒಂದೇ ಸಲ. ಆಸ್ಪತ್ರೆಯಲ್ಲಿ. 'ನೀನು ಕಟ್ಟೋದು ಅಂತ ಗೊತ್ತಾಗಿದ್ರೆ ಯಾರು ಕಾರು ತರ್ತಿದ್ರು ಇರ್ಮಾ?' ಅಂದ. ಸುಳ್ಳಾ? ಅವನು ಹೋದ, ಗಿರಾಕಿಗಳೂ ಹೋದರು. ಸುಳ್ಳು ಹೇಳಿದ್ದಿದ್ರೆ ಕ್ಷಮಿಸ್ತಿದ್ದೆ. ನಿಜ ಹೇಳಿ ಸತ್ತ, ಅದನ್ನ ಹೇಗೆ ಕ್ಷಮಿಸಲಿ?"

ಮುಂದಿನ ಪಿಸ್ಟನ್ ಎತ್ತಿಕೊಳ್ಳುತ್ತಾರೆ.

"ಬರ್ಕೋ ಬೇಕಾದ್ರೆ. ಈ ಶೆಡ್ಡಿಂದ ಹೋದ ಇಂಜಿನ್ ಒಂದೂ ದಾರಿಯಲ್ಲಿ ಕೈಕೊಟ್ಟು ನಿಂತಿಲ್ಲ. ಒಂದಾದರೂ ನಿಂತಿದ್ರೆ ಆವತ್ತೇ ಊರಿಗೆಲ್ಲ ಗೊತ್ತಾಗ್ತಿತ್ತು, ಕಟ್ಟಿದ್ದು ಹೆಂಗಸು ಅಂತ."